ಮೇಷ್ಟ್ರು ಬಿಟ್ಟುಹೋದ ಕಾಪಿ

ಕಳೆದ ಭಾನುವಾರ ಬೀರುವಿನ ಕೆಳಗಿನ ಖಾನೆಯಲ್ಲಿ ನನ್ನ ಡಿಗ್ರಿ ಸರ್ಟಿಫಿಕೇಟ್ ಹುಡುಕುತ್ತಿದ್ದೆ. ಇನ್ನೊಂದು ಜೆರಾಕ್ಸ್ ಬೇಕು ಅಂತ ಶಾಲೆಯಲ್ಲಿ ಕೇಳಿದ್ದರು. ಪ್ಲಾಸ್ಟಿಕ್ ಫೈಲಿನ ಗುಂಡಿ ಬಿಚ್ಚಿದ ಕೂಡಲೇ ಒಂದು ವಾಸನೆ ಬಂತು. ಮೇಣದಬತ್ತಿ ಆರಿದ ಮೇಲೆ ಬರುತ್ತದಲ್ಲ, ಆ ಥರ, ಅದಕ್ಕೆ ಸ್ವಲ್ಪ ಎಣ್ಣೆಯ ಜಿಡ್ಡು ಬೆರೆತ ಹಾಗೆ. ಸರ್ಟಿಫಿಕೇಟಿನ ಹಿಂದೆ ಒಂದು ಕಾರ್ಬನ್ ಹಾಳೆ, ಅದಕ್ಕೆ ಅಂಟಿಕೊಂಡು ಮಡಚಿಟ್ಟ ಬಿಳಿ ಕಾಗದ. ಬೆರಳಿಗೆ ನೀಲಿ ಹತ್ತಿತು. ಸೋಪು ಹಾಕಿ ತೊಳೆದೆ, ಉಗುರಿನ ಸಂದಿಯಲ್ಲಿ ಉಳಿದುಕೊಂಡಿತು.

ಆ ನೀಲಿ ನೋಡಿದಾಗ ಮೇಷ್ಟ್ರು ನೆನಪಾದರು.

ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಜಯನಗರದಲ್ಲಿ ಸರ್ಕಾರಿ ಕಚೇರಿಗಳಿದ್ದ ಒಂದು ಹಳೇ ಕಟ್ಟಡದ ಮೆಟ್ಟಿಲ ಕೆಳಗೆ ಕೂತು ಅರ್ಜಿ ಬರೆದುಕೊಡುತ್ತಿದ್ದರು. ಒಂದು ಸ್ಟೂಲು, ತೊಡೆಯ ಮೇಲೆ ಒಂದು ಹಲಗೆ, ಗೋಂದಿನ ಬಾಟಲಿ, ಹೆಬ್ಬೆಟ್ಟು ಒತ್ತಿಸೋಕೆ ಒಂದು ಪ್ಯಾಡು, ಗುಂಡುಸೂಜಿ ಚುಚ್ಚಿಡೋಕೆ ಒಂದು ಹಳೇ ಸೋಪಿನ ತುಂಡು. ಜಾತಿ, ಆದಾಯ, ರೇಷನ್, ವಿಧವಾ ವೇತನ, ಸತ್ತವರದ್ದು, ಹುಟ್ಟಿದವರದ್ದು, ಏನೇ ಆಗಲಿ ಬರೆಯುತ್ತಿದ್ದರು. ಅಕ್ಷರ ಬರುವ ಎಲ್ಲರೂ ನಮ್ಮ ಜನಕ್ಕೆ ಮೇಷ್ಟ್ರೇ. ಹಾಗಾಗಿ ಅವರೂ ಮೇಷ್ಟ್ರು. ಈಗ ಇಪ್ಪತ್ತು ವರ್ಷದಿಂದ ನಾನೇ ನಿಜವಾದ ಮೇಷ್ಟ್ರು, ಯಡಿಯೂರಿನ ಒಂದು ಶಾಲೆಯಲ್ಲಿ. ಆದರೂ ಆ ಪದ ಕೇಳಿದರೆ ನನಗೆ ಕಾಣಿಸೋದು ಅವರ ಮುಖ.

ನಾನು ಸಾರಕ್ಕಿಯವಳು. ಹಳೇ ಊರಿನ ಒಳಗಿನ ಬೀದಿ, ಮನೆಯಲ್ಲಿ ಗೋಡೆಗೆ ನೀಲಿ ಕೋಟಿನ ಫೋಟೊ. ಅಪ್ಪ ಮಾರ್ಕೆಟ್ಟಿನಲ್ಲಿ ತರಕಾರಿ ಮೂಟೆ ಇಳಿಸುತ್ತಿದ್ದರು. ಅಮ್ಮ ಜಯನಗರದ ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆಯುತ್ತಿದ್ದಳು. ನಮ್ಮ ವಂಶದಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳೋಕೆ ನನಗೆ ಯಾವ ಸಂಕೋಚವೂ ಇಲ್ಲ. ಪುಕ್ಕಟೆ ಬಂದದ್ದಲ್ಲ ಅದು. ಆದರೆ ಅದು ಒಂದು ಕಾರ್ಬನ್ ಕಾಪಿಯಿಂದ ಬಂತು ಅನ್ನೋದನ್ನ ಮಾತ್ರ ನಾನು ಬಹಳ ವರ್ಷ ಮರೆತಿದ್ದೆ.

ಪಿಯುಸಿ ಮುಗಿದಿತ್ತು. ಕಾಲೇಜಿಗೆ ಸೇರೋಕೆ ಜಾತಿ ಮತ್ತು ಆದಾಯದ ಸರ್ಟಿಫಿಕೇಟು ಬೇಕಿತ್ತು. ಅಮ್ಮ ಒಂದು ಮನೆ ಕೆಲಸಕ್ಕೆ ರಜ ಹೇಳಿ ನನ್ನ ಕರೆದುಕೊಂಡು ಆ ಮೆಟ್ಟಿಲ ಹತ್ತಿರ ಬಂದಳು. ಮೇಷ್ಟ್ರು ನನ್ನ ಮಾರ್ಕ್ಸ್ ಕಾರ್ಡ್ ನೋಡಿದರು, ಅಮ್ಮನ ಕೈ ನೋಡಿದರು, ಎರಡು ಬಿಳಿ ಹಾಳೆ ನಡುವೆ ಕಾರ್ಬನ್ ಇಟ್ಟು ಬರೆಯೋಕೆ ಶುರು ಮಾಡಿದರು. ಪೆನ್ನನ್ನು ಅದುಮಿ ಅದುಮಿ ಬರೆಯುತ್ತಿದ್ದರು, ಕೆಳಗಿನ ಹಾಳೆಗೂ ಮೂಡಬೇಕಲ್ಲ. ದುಂಡಗಿನ ಅಕ್ಷರ. ಮೇಲೆ ‘ಇಂದ’, ಕೆಳಗೆ ‘ಗೆ’, ಆಮೇಲೆ ‘ವಿಷಯ’, ‘ಮಾನ್ಯರೆ’. ಅರ್ಜಿಯ ಆ ನಾಲ್ಕು ಕಂಬಗಳನ್ನು ನಾನು ಕಲಿತದ್ದು ಅಲ್ಲೇ, ನಿಂತುಕೊಂಡು, ಅವರ ಭುಜದ ಮೇಲಿಂದ ನೋಡಿ.

ಬರೆದಾದ ಮೇಲೆ ಮೇಲಿನ ಹಾಳೆ ಅಮ್ಮನ ಕೈಗೆ ಕೊಟ್ಟು, ಕೆಳಗಿನದು ನನ್ನ ಕೈಗೆ ಕೊಟ್ಟರು. “ಮರಿ, ಮೇಲೆ ಹೋಗಿ ಇದನ್ನ ಕೊಡು. ಈ ಕಾಪಿ ಮೇಲೆ ಸೀಲು, ತಾರೀಕು ಹಾಕಿಸ್ಕೊಂಡು ಬಾ. ಹಾಕಲ್ಲ ಅಂದ್ರೆ ಅಲ್ಲೇ ನಿಂತಿರು. ಕಾಪಿ ಇಲ್ದೆ ಸರ್ಕಾರಕ್ಕೆ ಏನೂ ಕೊಡಬಾರದು.”

ಹಾಕಲ್ಲ ಅಂದರು. ನಾನು ಅಲ್ಲೇ ನಿಂತೆ. ಊಟದ ಹೊತ್ತಿಗೆ ಒಬ್ಬರು ಬೇಜಾರಾಗಿ ಸೀಲು ಒತ್ತಿ ಕೊಟ್ಟರು.

ಎರಡು ದಿನ ಆದ ಮೇಲೆ ನೌಕರರ ಮುಷ್ಕರ ಶುರುವಾಯಿತು. ಕಚೇರಿಯ ಬಾಗಿಲು ಮುಚ್ಚಿತು. ಯಾವಾಗ ತೆಗೀತಾರೆ ಅಂತ ಯಾರಿಗೂ ಗೊತ್ತಿಲ್ಲ. ಕಾಲೇಜಿನ ಕೊನೇ ದಿನ ಹತ್ತಿರ ಬಂತು, ಸರ್ಟಿಫಿಕೇಟು ಒಳಗೆ ಬೀಗದ ಹಿಂದೆ. ಅಮ್ಮ ಆ ಮುಚ್ಚಿದ ಬಾಗಿಲ ಮುಂದೆ ಕೂತು ಅತ್ತಳು. ಆವತ್ತೂ ಮೇಷ್ಟ್ರು ಮೆಟ್ಟಿಲ ಕೆಳಗೆ ಇದ್ದರು. ಕಚೇರಿ ಮುಚ್ಚಿದ ದಿನವೂ ಅವರು ಬರುತ್ತಿದ್ದರು. ಯಾಕೆ ಅಂದರೆ, ಮುಷ್ಕರ ಅಂತ ಗೊತ್ತಿಲ್ಲದೆ ಆನೇಕಲ್ಲಿಂದಲೋ ಕನಕಪುರದ ಕಡೆಯಿಂದಲೋ ಎರಡು ಬಸ್ಸು ಹತ್ತಿ ಬಂದವರು ಇರುತ್ತಾರೆ, ಅವರಿಗೆ ಒಬ್ಬನಾದರೂ ಕೂತಿರಬೇಕಲ್ಲ ಅನ್ನುತ್ತಿದ್ದರು. ಅರ್ಜಿ ಬರೆಸಿಟ್ಟುಕೊಂಡು ಹೋದರೆ ಬಾಗಿಲು ತೆಗೆದ ದಿನ ಮೊದಲು ನಿಲ್ಲಬಹುದು ಅನ್ನೋದು ಅವರ ಲೆಕ್ಕ.

ಅವರು ಅಮ್ಮನಿಗೆ ಸಮಾಧಾನ ಹೇಳಲಿಲ್ಲ. ಇನ್ನೊಂದು ಅರ್ಜಿ ಬರೆದರು, ಕಾಲೇಜಿನ ಪ್ರಿನ್ಸಿಪಾಲರಿಗೆ. ಇಂಥ ದಿನ ಅರ್ಜಿ ಕೊಟ್ಟಿರುತ್ತೇನೆ, ಸೀಲು ಇರುವ ಕಾಪಿ ಲಗತ್ತಿಸಿದೆ, ಕಚೇರಿ ಮುಚ್ಚಿರುವುದು ನನ್ನ ತಪ್ಪಲ್ಲ. ಜೊತೆಗೆ ಅವತ್ತಿನ ಪೇಪರಿನಲ್ಲಿ ಬಂದಿದ್ದ ಮುಷ್ಕರದ ಸುದ್ದಿ ಕತ್ತರಿಸಿ ಗುಂಡುಸೂಜಿಯಿಂದ ಚುಚ್ಚಿದರು. ಪ್ರಿನ್ಸಿಪಾಲರು ಆ ಸೀಲನ್ನ ಬಹಳ ಹೊತ್ತು ನೋಡಿದರು. ಸರ್ಟಿಫಿಕೇಟು ಆಮೇಲೆ ತಂದುಕೊಡಮ್ಮ ಅಂದು ಸೇರಿಸಿಕೊಂಡರು.

ಅಷ್ಟೇ. ಅದು ಇಲ್ಲದಿದ್ದರೆ ನಾನೂ ಅಮ್ಮನ ಐದನೇ ಮನೆಗೆ ಹೋಗುತ್ತಿದ್ದೆ.

ಆಮೇಲೆ ಡಿಗ್ರಿ, ಬಿ.ಎಡ್., ಕೆಲಸದ ಅರ್ಜಿ... ಎಲ್ಲದಕ್ಕೂ ಅವರ ಹತ್ತಿರ ಹೋಗಿದ್ದೆ. ನನಗೇ ಬರೆಯೋಕೆ ಬರುತ್ತಿತ್ತು, ಆದರೂ ಹೋಗುತ್ತಿದ್ದೆ. ಕೆಲಸ ಸಿಕ್ಕಿದ ದಿನ ಚೌ ಚೌ ಬಾತ್ ಕಟ್ಟಿಸಿಕೊಂಡು ಹೋಗಿ ಕೊಟ್ಟೆ. ಸರ್ಕಾರಿ ನೌಕರಿ ಬಂತಲ್ಲ ಮರಿ, ಇನ್ನು ಯಾರಾದ್ರೂ ಸೀಲು ಕೇಳಿದ್ರೆ ಒತ್ತಿಬಿಡು, ಊಟದ ಹೊತ್ತಿನವರೆಗೆ ನಿಲ್ಲಿಸಬೇಡ ಅಂದರು. ಅಮ್ಮ ಈ ಮಾತನ್ನ ಬೀದಿಗೆಲ್ಲ ಹೇಳಿಕೊಂಡು ನಕ್ಕಳು.

ಮೇಷ್ಟ್ರಿಗೆ ಎಲ್ಲದರ ಮೇಲೂ ಒಂದು ಅಭಿಪ್ರಾಯ ಇತ್ತು, ಮುಖ್ಯವಾಗಿ ವೋಟಿನ ಮೇಲೆ. ಚುನಾವಣೆಯ ದಿನ ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿ ಯಡಿಯೂರಿನ ನಮ್ಮ ಶಾಲೆಯ ಬೂತಿಗೆ ಬರುತ್ತಿದ್ದರು, ಅಲ್ಲೇ ಹಿಂದಿನ ಗಲ್ಲಿಯಲ್ಲಿ ಅವರ ರೂಮು. ಸಾಲಿನಲ್ಲಿ ಮೊದಲನೆಯವರಾಗಿ ನಿಲ್ಲಬೇಕು ಅನ್ನೋ ಹಟ. ರಜ ಸಿಕ್ಕಿತು ಅಂತ ರೆಸಾರ್ಟಿಗೆ ಹೋಗುವ ದೊಡ್ಡ ಮನೆಯವರನ್ನ ಬಯ್ಯುತ್ತಿದ್ದರು, ಆದರೆ ವೋಟನ್ನು ಕಡ್ಡಾಯ ಮಾಡಬೇಕು ಅಂತ ನಾನು ಅಂದರೆ ಅದಕ್ಕೂ ಒಪ್ಪುತ್ತಿರಲಿಲ್ಲ. ಬಲವಂತದಿಂದ ಬರೆಸಿದ ಅರ್ಜಿಗೆ ಯಾವ ಬೆಲೆ ಅನ್ನುತ್ತಿದ್ದರು. ಒಂದು ಸಲ ನಮ್ಮ ಬೀದಿಯಲ್ಲಿ ಸೀರೆ ಹಂಚಿದರು. ಅಮ್ಮ ತಗೊಂಡಿದ್ದಳು. ಸೀರೆ ಅವರದ್ದು, ವೋಟು ನಂದು, ಏನಿವಾಗ ಅಂತ ಅವಳ ವಾದ. ಮೇಷ್ಟ್ರು ಜಗಳವಾಡಲಿಲ್ಲ. ನೀವು ಖಾಲಿ ಹಾಳೆ ಮೇಲೆ ಹೆಬ್ಬೆಟ್ಟು ಒತ್ತಿ ಕೊಟ್ಟು ಬಂದಿದ್ದೀರಮ್ಮ, ಮೇಲೆ ಏನು ಬರ್ಕೊಳ್ತಾರೋ ಬರ್ಕೊಳ್ಳಲಿ ಅಂತ... ಅಷ್ಟು ಹೇಳಿದರು. ಅಮ್ಮ ಆ ಸೀರೆಯನ್ನ ಉಟ್ಟಿದ್ದನ್ನ ನಾನು ನೋಡಲಿಲ್ಲ. ಯಾರಿಗೋ ಕೊಟ್ಟಳು ಅನ್ನಿಸುತ್ತೆ.

ಇನ್ನೊಂದು ಮಾತು ನನಗೆ ಚೆನ್ನಾಗಿ ನೆನಪಿದೆ. ಒಂದು ಚುನಾವಣೆಯ ದಿನ ವೋಟು ಹಾಕಿ ಹೊರಗೆ ಬಂದವರು ನನ್ನ ನೋಡಿ ಎಡಗೈ ಬೆರಳು ಎತ್ತಿ ತೋರಿಸಿದರು. “ನೋಡು ಮರಿ, ಜೀವಮಾನದಲ್ಲಿ ನಾನು ಕಾಪಿ ಇಟ್ಕೊಳ್ದೆ ಸರ್ಕಾರಕ್ಕೆ ಕೊಡೋದು ಇದೊಂದೇ. ಅದಕ್ಕೇ ಬೆರಳಿಗೆ ಸೀಲು ಹಾಕಿಸ್ಕೊಂಡು ಬರ್ತೀನಿ.”

ಹೀಗೆ ಇದ್ದ ಮನುಷ್ಯನ ಜೊತೆ ನಾನು ಜಗಳ ಮಾಡಿಕೊಂಡೆ. ಜಗಳ ಅನ್ನೋದೂ ತಪ್ಪು. ಅವರು ಆಡಲಿಲ್ಲ, ನಾನೊಬ್ಬಳೇ ಆಡಿದೆ.

ಕೆಲವು ವರ್ಷದ ಹಿಂದಿನ ಮಾತು. ನೀರಿಗಾಗಿ ಬಂದ್ ಕರೆದಿದ್ದರು. ಬಸ್ಸಿಲ್ಲ, ಶಾಲೆಗೆ ರಜ, ಅಂಗಡಿಗಳ ಶಟರು ಇಳಿದಿತ್ತು. ಅಮ್ಮನ ಬಿಪಿ ಮಾತ್ರೆ ಮುಗಿದಿತ್ತು. ಔಷಧಿ ಅಂಗಡಿ ತೆಗೆದಿರುತ್ತೆ ಅಂತ ಸಾರಕ್ಕಿಯಿಂದ ಜಯನಗರಕ್ಕೆ ನಡೆದುಕೊಂಡೇ ಬಂದೆ. ಮೇಷ್ಟ್ರು ಯಥಾಪ್ರಕಾರ ಮೆಟ್ಟಿಲ ಕೆಳಗೆ ಕೂತಿದ್ದರು, ಮಾತ್ರೆಗೆ ಬಂದಿದ್ದೆ ಅಂದೆ. ಎದುರಿಗೆ ಯಾರೂ ಇಲ್ಲ. ನಮ್ಮ ಬೀದಿಗೆ ನಾಲ್ಕು ದಿನದಿಂದ ನೀರು ಬಂದಿರಲಿಲ್ಲ. ಟ್ಯಾಂಕರಿನವನ ಹತ್ತಿರ ಬೆಳಿಗ್ಗೆ ಬಿಂದಿಗೆ ಹಿಡಿದು ಬಡಿದಾಡಿ ಬಂದಿದ್ದೆ. ತಲೆ ಕಾದಿತ್ತು. ಒಂದು ದಿನ ಅಲ್ಲ ಮೇಷ್ಟ್ರೇ, ವಾರಗಟ್ಟಲೆ ಬಂದ್ ಮಾಡಬೇಕು, ಗಡಿ ಮುಚ್ಚಬೇಕು, ಆ ಕಡೆಗೆ ಒಂದು ತೊಟ್ಟೂ ಬಿಡಬಾರದು ಅಂದೆ.

ಅವರು ನಿಧಾನಕ್ಕೆ ಕೇಳಿದರು. ಆ ಕಡೆ ಹೋಗೋ ನೀರು ನಿಂಗೆ ಕಾಣ್ಸುತ್ತೆ, ನಿನ್ನ ಪಕ್ಕದ ಲೇಔಟಿಗೆ ದಿನಾ ಬರೋ ನೀರು ನಿನ್ನ ಬೀದಿಗೆ ಯಾಕೆ ಬರಲ್ಲ ಅಂತ ಒಂದು ಅರ್ಜಿ ಬರೆದಿದ್ದೀಯಾ? ಇವತ್ತು ಬಾಗಿಲು ಮುಚ್ಚಿಸಿದ್ದೀರಲ್ಲ, ಆ ಅರ್ಜಿ ಯಾರಿಗೆ ಕೊಡ್ತೀಯ? ಹೀಗೆ ಏನೋ ಅಂದರು. ಬಯ್ದದ್ದಲ್ಲ. ಯಾವಾಗಲೂ ಮಾತಾಡುವ ಹಾಗೆಯೇ ಆಡಿದ್ದರು.

ನಾನು ಅಂದೆ, “ನೀವು ಹಂಗೇ ಹೇಳ್ತೀರಿ ಬಿಡಿ. ನಿಮ್ಮೂರು ಆ ಕಡೆ ತಾನೆ.”

ಮೇಷ್ಟ್ರ ಊರು ಗಡಿಯಿಂದ ಆಚೆ ಇತ್ತು, ಹೊಸೂರು ದಾಟಿದ ಮೇಲೆ ಎಲ್ಲೋ ಒಂದು ಹಳ್ಳಿ. ಮನೆಮಾತು ಕನ್ನಡವೇ. ಅವರ ಅಜ್ಜನ ಕಾಲದಲ್ಲಿ ಅಲ್ಲಿ ಗಡಿ ಅನ್ನೋದು ಯಾರ ಬಾಯಲ್ಲೂ ಇರಲಿಲ್ಲವಂತೆ. ಆಮೇಲೆ ಗೆರೆ ಬಂತು, ಹೊಲ ಆ ಕಡೆ ಉಳಿಯಿತು. ಅಲ್ಲಿಯ ಆಫೀಸುಗಳಲ್ಲಿ ಇವರನ್ನ ಕನ್ನಡದವರು ಅಂತ ಕಾಯಿಸುತ್ತಿದ್ದರಂತೆ. ಇಲ್ಲಿಗೆ ಬಂದು ನಲವತ್ತು ವರ್ಷ ನಮ್ಮ ಜನಕ್ಕೆ ಕನ್ನಡದಲ್ಲಿ ಅರ್ಜಿ ಬರೆದುಕೊಟ್ಟರು. ಇದೆಲ್ಲ ಅವರೇ ಹಿಂದೆ ಯಾವಾಗಲೋ ಹೇಳಿದ್ದದ್ದು. ನನಗೆ ಗೊತ್ತಿದ್ದೂ ಆ ಮಾತು ಬಂತು. ನಾಲಿಗೆ ತುದಿಯಲ್ಲೇ ಇತ್ತೇನೋ.

ಅವರು ಪೆನ್ನಿನ ಮುಚ್ಚಳ ಹಾಕಿದರು. ಮಾತ್ರೆ ಸಿಕ್ತಾ ಅಮ್ಮಂಗೆ ಅಂತ ಕೇಳಿದರು. ಸಿಕ್ತು ಅಂದೆ. ಸರಿ ಹೋಗ್ಬಾ, ಬಿಸಿಲು ಅಂದರು.

ಅವತ್ತಿನಿಂದ ನಾನು ಆ ಮೆಟ್ಟಿಲ ಹತ್ತಿರ ಹೋಗೋದು ಬಿಟ್ಟೆ. ಕ್ಷಮೆ ಕೇಳಬೇಕು ಅನ್ನಿಸುತ್ತಿತ್ತು. ಆದರೆ ಒಂದು ವಾರ ಆದ ಮೇಲೆ ಕೇಳೋದು ಕಷ್ಟ, ಒಂದು ತಿಂಗಳಾದ ಮೇಲೆ ಇನ್ನೂ ಕಷ್ಟ. ಕಟ್ಟಡದ ಹಿಂದಿನ ರಸ್ತೆಯಿಂದ ಓಡಾಡಿದೆ. ಸುತ್ತು ಜಾಸ್ತಿ, ಆದರೂ.

ಆ ಚಳಿಗಾಲದಲ್ಲಿ ಮತದಾರರ ಪಟ್ಟಿಯ ಕೆಲಸ ಬಂತು. ಶಾಲಾ ಶಿಕ್ಷಕರಿಗೆ ಇದು ಹೊಸದಲ್ಲ. ಒಂದೊಂದು ಬೂತಿಗೆ ಒಬ್ಬೊಬ್ಬರು, ಮನೆ ಮನೆಗೆ ಹೋಗಿ ಪಟ್ಟಿಯಲ್ಲಿ ಇರುವವರು ಮನೆಯಲ್ಲಿ ಇದ್ದಾರೋ ಇಲ್ಲವೋ ನೋಡಿ, ಸತ್ತವರನ್ನು, ಊರು ಬಿಟ್ಟವರನ್ನು ಗುರುತು ಹಾಕಬೇಕು. ನಾಲ್ಕನೇ ಪೀರಿಯಡ್ ಮುಗಿಸಿ ಹೊರಟು ಮೊಬೈಲಿನಲ್ಲಿ ಒತ್ತುತ್ತಾ ಹೋಗುವುದು. ಗೇಟಿನಲ್ಲಿ ನಾಯಿ, ಮೂರನೇ ಮಹಡಿಯಿಂದ ‘ಯಾರ್ರೀ ಅದು’, ಸೇಲ್ಸಿನವಳು ಅಂತ ತಿಳಿದು ಬಾಗಿಲು ಹಾಕಿಕೊಳ್ಳೋದು. ಇನ್ನೂ ಎಷ್ಟೋ ಮನೆ ಉಳಿದಿತ್ತು, ಮೇಲಧಿಕಾರಿಗಳಿಂದ ಮೆಸೇಜ್ ಮೇಲೆ ಮೆಸೇಜ್.

ಮೇಷ್ಟ್ರ ರೂಮು ನನ್ನ ಬೂತಿನ ಪಟ್ಟಿಯಲ್ಲೇ ಇತ್ತು. ಮೊದಲ ಸಲ ಹೋದಾಗ ಬೀಗ. ಎರಡನೇ ಸಲವೂ ಬೀಗ. ಇರಲೇಬೇಕಲ್ಲ, ನಾನು ಹೋಗುತ್ತಿದ್ದದ್ದು ಅವರು ಮೆಟ್ಟಿಲ ಕೆಳಗೆ ಕೂರುವ ಹೊತ್ತಿಗೆ. ಮೂರನೇ ಸಲ ಹೋದಾಗ ಬಾಗಿಲೇ ತೆರೆದಿತ್ತು, ಒಳಗೆ ಏನೂ ಇರಲಿಲ್ಲ, ಸೂರಿನ ಒಂದು ಮೂಲೆ ಕಿತ್ತುಹಾಕಿದ್ದರು. ಕೆಳಗಿನ ಮನೆಯ ಹೆಂಗಸು ಬಟ್ಟೆ ಒಣಗಿಸುತ್ತಿದ್ದಳು. ಕೇಳಿದೆ. “ಅವರಾ? ಖಾಲಿ ಮಾಡ್ಕೊಂಡು ಹೋದ್ರಲ್ಲ ಮೇಡಂ. ಅವರ ಊರಿಗೆ ಅನ್ಸುತ್ತೆ, ಆ ಕಡೆ.” ಅವಳಿಗೂ ಸರಿಯಾಗಿ ಗೊತ್ತಿರಲಿಲ್ಲ, ಮದುವೆಯಾಗಿ ಬಂದು ಎರಡು ತಿಂಗಳಾಗಿತ್ತಂತೆ.

ನಿಜ ಏನಾಗಿತ್ತು ಅಂತ ಆಮೇಲೆ ತಿಳಿಯಿತು. ಮಳೆಗೆ ಸೂರು ಸೋರಿ ಓನರು ರಿಪೇರಿಗೆ ಅಂತ ಖಾಲಿ ಮಾಡಿಸಿದ್ದರು. ಮೇಷ್ಟ್ರು ಎದುರುಗಡೆ ಬಿಲ್ಡಿಂಗಿನ ಟೆರೇಸ್ ರೂಮಿಗೆ ಹೋಗಿದ್ದರು. ನಾನು ನಿಂತಿದ್ದ ಜಾಗದಿಂದ ಆ ಟೆರೇಸಿನ ಮೇಲೆ ಅವರ ಬಿಳಿ ಶರಟು ಒಣಗುತ್ತಿದ್ದದ್ದು ಕಾಣುತ್ತಿತ್ತೋ ಏನೋ... ನಾನು ತಲೆ ಎತ್ತಲಿಲ್ಲ.

ಊರು ಬಿಟ್ಟಿದ್ದಾರೆ ಅಂತ ಒತ್ತಿದೆ. ಆ ಹೆಂಗಸಿನ ಹೇಳಿಕೆ ಬರೆದುಕೊಂಡು ಸಹಿ ಹಾಕಿಸಿದೆ. ಮೂರು ಸಲ ಭೇಟಿ, ಅಕ್ಕಪಕ್ಕದವರ ಮಾತು, ಸಹಿ, ತಾರೀಕು. ಕಾಗದದಲ್ಲಿ ಒಂದು ಚೂರೂ ತಪ್ಪಿಲ್ಲ. ಹಳೇ ವಿಳಾಸಕ್ಕೆ ಹೋದ ನೋಟಿಸು ವಾಪಸ್ ಬಂತು. ಕರಡು ಪಟ್ಟಿಯನ್ನ ಶಾಲೆಯ ಗೋಡೆಗೆ ನಾನೇ ಗೋಂದು ಹಚ್ಚಿ ಅಂಟಿಸಿದೆ. ಯಾರೂ ಆಕ್ಷೇಪಣೆ ಕೊಡಲಿಲ್ಲ.

ಮೆಟ್ಟಿಲ ಕೆಳಗೆ ಹೋಗಿ ನೋಡೋಕೆ ಹದಿನೈದು ನಿಮಿಷ ಸಾಕಿತ್ತು. ಬೇರೆ ಯಾರ ಹೆಸರೇ ಆಗಿದ್ದರೂ, ಅವರು ಎಲ್ಲಿ ಕೂರುತ್ತಾರೆ ಅಂತ ಗೊತ್ತಿದ್ದರೆ, ನಾನು ಹೋಗಿ ಕೇಳುತ್ತಿದ್ದೆ. ಹೂವಿನವಳೊಬ್ಬಳನ್ನು ಹುಡುಕಿಕೊಂಡು ಬನಶಂಕರಿ ದೇವಸ್ಥಾನದವರೆಗೆ ಹೋದವಳು ನಾನು. ಆದರೆ ‘ಆ ಕಡೆ ಹೋದರು’ ಅನ್ನೋ ಮಾತು ನನ್ನ ಕಿವಿಗೆ ಸಲೀಸಾಗಿ ಇಳಿಯಿತು. ಮೊದಲೇ ಜಾಗ ಮಾಡಿಟ್ಟಿದ್ದೆನಲ್ಲ. ಜೊತೆಗೆ, ಹೋದರೆ ಮುಖ ನೋಡಬೇಕಾಗುತ್ತೆ ಅನ್ನೋದೂ ಇತ್ತು. ಸುಳ್ಳು ಹೇಳೋದಿಲ್ಲ.

ವೋಟಿನ ದಿನ ಶಾಲೆಯ ಗೇಟಿನ ಹತ್ತಿರ ಶಾಮಿಯಾನದ ಕೆಳಗೆ ಮೇಜು ಹಾಕಿ ಪಟ್ಟಿ ಇಟ್ಟುಕೊಂಡು ಕೂತಿದ್ದೆ. ಇನ್ನೂ ಬಾಗಿಲು ತೆಗೆದಿರಲಿಲ್ಲ. ಬಿಳಿ ಶರಟು ಕಾಣಿಸಿತು.

“ಮೇಡಂ, ನನಗೆ ಈ ಸಲ ಚೀಟಿ ಬರಲಿಲ್ಲ. ಹೆಸರು ಎಷ್ಟನೇ ನಂಬರಿನಲ್ಲಿದೆ, ನೋಡಿ.”

ಮೇಡಂ ಅಂದರು. ನೋಡಿ ಅಂದರು. ಅಷ್ಟು ವರ್ಷದಲ್ಲಿ ನನ್ನನ್ನ ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಸುತ್ತ ಜನ ಇದ್ದರು, ನನ್ನ ಕೆಲಸಕ್ಕೆ ಮರ್ಯಾದೆ ಕೊಟ್ಟಿರಬಹುದು. ಹಾಗೆ ಅಂದುಕೊಳ್ಳೋಕೆ ನಾನು ಬಹಳ ಪ್ರಯತ್ನ ಪಟ್ಟಿದ್ದೇನೆ.

ಪಟ್ಟಿ ನೋಡುವ ಹಾಗೆ ಮಾಡಿದೆ. ನನಗೆ ಗೊತ್ತಿತ್ತು. ಬೆರಳು ಓಡಿಸಿ, ಹಾಳೆ ತಿರುವಿ, ಕೊನೆಗೆ ತೆಗೆದುಹಾಕಿದವರ ಪುಟ ತೆರೆದು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಓದಿದರು. ತಮ್ಮ ಹೆಸರು, ತಂದೆಯ ಹೆಸರು, ಅದರ ಮುಂದೆ ಬರೆದ ಕಾರಣ. ಎರಡು ಸಲ ಓದಿದರು. ಒಳಗಿನ ಅಧಿಕಾರಿಯನ್ನ ಕೇಳಿಕೊಂಡು ಬಂದೆ, ಪಟ್ಟಿಯಲ್ಲಿ ಇಲ್ಲದವರಿಗೆ ಅವತ್ತು ಏನೂ ಮಾಡುವ ಹಾಗಿರಲಿಲ್ಲ.

ಮೂರು ಸಲ ಮನೆಗೆ ಬಂದಿದ್ದೆ ಮೇಷ್ಟ್ರೇ, ನೀವು ಇರಲಿಲ್ಲ, ಕೆಳಗಿನ ಮನೆಯವರು ಸಹಿ ಮಾಡಿದ್ದಾರೆ ಅಂತ ಒದರಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಒಂದೇ ಮಾತು, ದನಿ ಎತ್ತದೆ.

“ನಾನು ಎಲ್ಲಿ ಕೂರ್ತೀನಿ ಅಂತ ನಿಮಗೆ ಗೊತ್ತಿರಲಿಲ್ವಾ?”

ನಾನು ಮೇಜಿನ ಮೇಲಿದ್ದ ಪೆನ್ನುಗಳನ್ನ ಸರಿ ಮಾಡಿ ಇಟ್ಟೆ. ಹಿಂದೆ ಸಾಲಿನಲ್ಲಿದ್ದ ಒಬ್ಬ ಹುಡುಗ, ಯಾವುದೋ ಪಕ್ಷದ ಕಡೆಯವನು, ಪುಟ ಬಗ್ಗಿ ನೋಡಿ ನಕ್ಕ. “ಅಂಕಲ್, ಊರು ಬಿಟ್ಟಿದ್ದೀರಂತಲ್ಲ ಗುರು. ಹೋಗಿ ಅಲ್ಲೇ ಹಾಕ್ಕೊಳ್ಳಿ.” ಇಬ್ಬರು ಮೂವರು ನಕ್ಕರು. ಅವರು ಎಲ್ಲಿಗೂ ಹೋಗಿಲ್ಲ ಕಣಪ್ಪ, ತಪ್ಪು ನಂದು ಅಂತ ಅವತ್ತು ಎದ್ದು ಹೇಳಬೇಕಾಗಿತ್ತು. ಹೇಳಿದ್ದರೆ ಏನಾಗುತ್ತಿತ್ತು? ಬಹುಶಃ ಒಂದು ಕಂಪ್ಲೇಂಟು, ಒಂದು ನೋಟಿಸು. ಕೆಲಸ ಏನೂ ಹೋಗುತ್ತಿರಲಿಲ್ಲ. ಊಟದ ಹೊತ್ತಿನವರೆಗೆ ಸೀಲಿಗಾಗಿ ನಿಂತಿದ್ದ ಆ ಹುಡುಗಿ ಅವತ್ತು ನನ್ನೊಳಗೆ ಎಲ್ಲಿ ಹೋಗಿದ್ದಳೋ.

ಮೇಷ್ಟ್ರು ತಕ್ಷಣ ಮನೆಗೆ ಹೋಗಲಿಲ್ಲ. ಗೇಟಿನ ಪಕ್ಕ ಹೊಂಗೆ ಮರದ ಕೆಳಗೆ ನಿಂತರು. ಬಂದವರು ಅವರನ್ನ ಕಂಡು, ಮೇಷ್ಟ್ರೇ ನಂದು ಯಾವ ರೂಮು ನೋಡಿ, ಮೇಷ್ಟ್ರೇ ಈ ಕಾರ್ಡು ನಡೆಯುತ್ತಾ ಅಂತ ಕೇಳುತ್ತಿದ್ದರು. ಅವರು ಚೀಟಿ ಓದಿ ಹೇಳಿ ಕಳಿಸುತ್ತಿದ್ದರು. ಬಿಸಿಲು ಏರುವವರೆಗೂ ಹಾಗೇ ನಿಂತಿದ್ದರು. ಒಳಗೆ ಹೋದವರೆಲ್ಲ ಬೆರಳಿಗೆ ಮಸಿ ಹಾಕಿಸಿಕೊಂಡು ಅವರ ಮುಂದೆಯೇ ಹೊರಗೆ ಬಂದರು. ನೀವು ಹಾಕಿದ್ರಾ ಮೇಷ್ಟ್ರೇ ಅಂತ ಒಬ್ಬಳು ಮುದುಕಿ ಕೇಳಿದ್ದು ನನಗೆ ಕೇಳಿಸಿತು. ಆಗಲೇ ಆಯ್ತಮ್ಮ ಅಂದರು. ಎಡಗೈ ಜೇಬಿನಲ್ಲಿತ್ತು.

ಒಂದು ವಾರ ಕಳೆದು ನಾನು ಹೆಸರು ಮತ್ತೆ ಸೇರಿಸುವ ಫಾರಂ ತಗೊಂಡು ಮೆಟ್ಟಿಲ ಕೆಳಗೆ ಹೋದೆ. ನಾನೇ ತುಂಬಿಸಿಕೊಂಡು ಹೋಗಿದ್ದೆ, ಸಹಿ ಹಾಕಿದರೆ ಸಾಕಿತ್ತು. ಮೇಷ್ಟ್ರು ಅದನ್ನ ಪಕ್ಕಕ್ಕಿಟ್ಟು, ಜೊತೆಗೆ ಒಂದು ಅರ್ಜಿ ಇರಲಿ ಅಂತ ಎರಡು ಹಾಳೆ ತೆಗೆದು, ನಡುವೆ ಕಾರ್ಬನ್ ಇಟ್ಟು ಅದುಮಿ ಬರೆದರು. ನಾನು ಮತ್ತೆ ಅವರ ಭುಜದ ಹಿಂದೆ ನಿಂತಿದ್ದೆ. ವಯಸ್ಸಿಗೆ ಅವರ ಕೈ ನಡುಗುತ್ತಿತ್ತು, ಅಕ್ಷರ ಮಾತ್ರ ಹಾಗೇ ದುಂಡಗೆ.

ತಪ್ಪಾಯ್ತು ಮೇಷ್ಟ್ರೇ ಅಂದೆ.

ಅವರು ತಲೆ ಎತ್ತದೆ ಕೇಳಿದರು. “ಯಾವುದು?”

ಹೆಸರು ತೆಗೆದದ್ದು ಅಂದೆ.

ಅವರು ಸ್ವಲ್ಪ ಹೊತ್ತು ಪೆನ್ನು ಹಿಡಿದು ಕಾದರು. ಇನ್ನೇನಾದರೂ ಹೇಳುತ್ತೇನೋ ಅಂತ ಕಾದರು ಅಂತ ನನಗೆ ಈಗ ಗೊತ್ತಾಗುತ್ತೆ. ಅವತ್ತೂ ಗೊತ್ತಾಗಿತ್ತು. ಆ ಬಂದ್ ದಿನ ನಾನು ಆಡಿದ ಮಾತು ಇನ್ನೂ ಬಾಕಿ ಇತ್ತು. ಹೆಸರು ತೆಗೆದದ್ದಕ್ಕೆ ಫಾರಂ ಇದೆ, ತುಂಬಿದರೆ ಮತ್ತೆ ಸೇರುತ್ತೆ. ಆ ಮಾತಿಗೆ ಯಾವ ಫಾರಮ್ಮೂ ಇರಲಿಲ್ಲ, ಬಾಯಿ ಬಿಟ್ಟೇ ಹೇಳಬೇಕಿತ್ತು. ನಾನು ಹೇಳಲಿಲ್ಲ. ಅವರು ಬಗ್ಗಿ ಎರಡಕ್ಕೂ ಸಹಿ ಮಾಡಿದರು.

ಅರ್ಜಿ ನನ್ನ ಕೈಗೆ ಕೊಟ್ಟರು. ನಾನು ಕಾಪಿಯ ಮೇಲೆ ಸ್ವೀಕರಿಸಿದೆ ಅಂತ ಬರೆದು, ಸಹಿ ಮಾಡಿ, ತಾರೀಕು ಹಾಕಿ ಅವರ ಕಡೆ ಚಾಚಿದೆ. ಕಾರ್ಬನ್ ಇನ್ನೂ ಅದಕ್ಕೆ ಅಂಟಿಕೊಂಡೇ ಇತ್ತು.

“ಕಾಪಿ ಬೇಡ,” ಅಂದರು. “ನಿಮ್ಮ ಹತ್ರಾನೇ ಇರಲಿ.”

ಕಾಪಿ ಇಲ್ಲದೆ ಸರ್ಕಾರಕ್ಕೆ ಒಂದು ಚೂರು ಕಾಗದ ಕೊಡದಿದ್ದ ಮನುಷ್ಯ. ನನ್ನ ಮೇಲಿನ ನಂಬಿಕೆಯಿಂದ ಬೇಡ ಅಂದರೋ, ಇನ್ನು ಯಾವ ಕಾಪಿ ಇದ್ದು ಏನು ಅಂತ ಬೇಡ ಅಂದರೋ... ಇವತ್ತಿಗೂ ಗೊತ್ತಿಲ್ಲ. ಒಂದೊಂದು ದಿನ ಒಂದೊಂದು ಥರ ಅನ್ನಿಸುತ್ತೆ.

ಹೆಸರು ಮತ್ತೆ ಸೇರಿತು. ಹೊಸ ಪಟ್ಟಿ ಬಂದ ದಿನ ಹೇಳೋಕೆ ಅಂತ ಹೋದೆ. ಮೆಟ್ಟಿಲ ಕೆಳಗೆ ಮೊಬೈಲ್ ಕವರು ನೇತುಹಾಕಿದ ಒಂದು ಸ್ಟ್ಯಾಂಡು ಇತ್ತು. ಈಗ ಅರ್ಜಿಗಳೆಲ್ಲ ಫೋನಿನಲ್ಲೇ ಹೋಗುತ್ತವೆ, ಬರೆಸೋಕೆ ಬರುವವರು ಕಮ್ಮಿಯಾಗಿದ್ದರು ಅಂತ ಪಕ್ಕದ ಟೀ ಅಂಗಡಿಯವರು ಹೇಳಿದರು. ಮೇಷ್ಟ್ರಿಗೆ ಕೈ ನಡುಕ ಜಾಸ್ತಿಯಾಗಿ ಮಗಳು ಬಂದು ಕರೆದುಕೊಂಡು ಹೋದಳಂತೆ. ಎಲ್ಲಿಗೆ ಅಂತ ಕೇಳಿದೆ. ಊರಿಗೆ ಮೇಡಂ, ಆ ಕಡೆ ಅಂದರು ಅವರೂ.

ನಾನು ಬರೆದಿದ್ದ ಸುಳ್ಳು ತಡವಾಗಿ ನಿಜವಾಯಿತು.

ಬಂದ್ ಬಗ್ಗೆ, ನೀರಿನ ಬಗ್ಗೆ ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಬಿಟ್ಟಿದೆ ಅಂತ ಹೇಳಿದರೆ ಅದು ನಾಟಕ. ನೀರು ನಮಗೂ ಬೇಕು. ಕೇಳಲೇಬೇಕು. ಪಟ್ಟಿಯಲ್ಲಿ ಸುಳ್ಳು ಹೆಸರು ಇರಬಾರದು, ಅದೂ ಸರಿಯೇ. ಆದರೆ ಈಗ ಯಾರಾದರೂ ಪಟ್ಟಿ ಕ್ಲೀನ್ ಮಾಡಬೇಕು, ಹೊರಗಿನವರನ್ನ ತೆಗೆಯಬೇಕು ಅಂತ ಸ್ಟಾಫ್ ರೂಮಿನಲ್ಲಿ ಮಾತು ತೆಗೆದರೆ ನನಗೆ ಮಾತು ತೆಗೆದವರ ಹಾಗೆ ಗಟ್ಟಿಯಾಗಿ ಮಾತಾಡೋಕೆ ಆಗೋದಿಲ್ಲ. ಕಾಗದ ಎಷ್ಟು ಸರಿ ಇದ್ದರೂ ಎಷ್ಟು ತಪ್ಪಾಗಬಹುದು ಅಂತ ನನ್ನ ಸಹಿ ಇರುವ ಕಾಗದವೇ ತೋರಿಸಿದೆ.

ಈಗ ಮತ್ತೆ ಪಟ್ಟಿಯ ಕೆಲಸ ಬಂದಿದೆ. ಮೇಷ್ಟ್ರ ಹೆಸರು ನನ್ನ ಬೂತಿನಲ್ಲೇ ಇದೆ. ಟೆರೇಸ್ ರೂಮಿಗೆ ಮೂರು ಸಲ ಅಲ್ಲ, ಐದು ಸಲ ಹೋಗಿ ಬಂದೆ. ಇಬ್ಬರು ಡೆಲಿವರಿ ಹುಡುಗರು ಇದ್ದಾರೆ, ಅವರಿಗೆ ಹಿಂದಿನವರ ವಿಷಯ ಏನೂ ಗೊತ್ತಿಲ್ಲ. ಮೇಷ್ಟ್ರ ಹಳೇ ಫೋನ್ ನಂಬರು ಚಾಲ್ತಿಯಲ್ಲಿಲ್ಲ. ನಾಡಿದ್ದು ಕೊನೇ ದಿನ. ಈ ಸಲ ನಿಜವಾಗಿಯೂ ಊರು ಬಿಟ್ಟಿದ್ದಾರೆ ಅಂತ ಒತ್ತಬೇಕು. ಇನ್ನೂ ಒತ್ತಿಲ್ಲ.

ಫೈಲಿನಲ್ಲಿ ಸಿಕ್ಕಿದ ಆ ಬಿಳಿ ಕಾಗದ ಬಿಡಿಸಿ ಓದಿದೆ. ‘ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಾನು ಎಲ್ಲಿಗೂ ಹೋಗಿರುವುದಿಲ್ಲ. ಇಲ್ಲಿಯೇ ವಾಸವಾಗಿರುತ್ತೇನೆ.’ ಕೆಳಗೆ ನೀಲಿಯಲ್ಲಿ ಅವರ ಸಹಿ, ಅದರ ಪಕ್ಕ ಕಪ್ಪು ಇಂಕಿನಲ್ಲಿ ನನ್ನದು.

ಓದಿದ ಮೇಲೆ ಮೇಜಿನ ಹತ್ತಿರ ಕೂತು ಎರಡು ಹಾಳೆ ತೆಗೆದೆ. ನಡುವೆ ಆ ಕಾರ್ಬನ್ನೇ ಇಟ್ಟೆ. ಅವರು ಕಾದಿದ್ದ ಆ ಮಾತನ್ನ ಬರೆದಾದರೂ ಕಳಿಸೋಣ, ಕಾಪಿ ನನ್ನ ಹತ್ತಿರ ಇರಲಿ ಅಂತ. ಪೆನ್ನು ಅದುಮಿ ಮೇಲೆ ‘ಇಂದ’ ಬರೆದು ನನ್ನ ವಿಳಾಸ ತುಂಬಿದೆ. ಕೆಳಗೆ ‘ಗೆ’ ಅಂತ ಬರೆದೆ. ಅವರ ಹೆಸರು ಬರೆದೆ. ಅದರ ಕೆಳಗೆ ಊರಿನ ಹೆಸರು ಬರೆಯಬೇಕು.

ಆ ಊರಿನ ಹೆಸರು ನನಗೆ ಗೊತ್ತಿಲ್ಲ. ಅಮ್ಮನನ್ನ ಕೇಳಿದೆ, ಅವಳಿಗೂ ಗೊತ್ತಿಲ್ಲ. ಇಪ್ಪತ್ತೈದು ವರ್ಷದಲ್ಲಿ ನಾನು ಒಂದು ಸಲವೂ ಕೇಳಿರಲಿಲ್ಲ. ನನ್ನ ಬಾಯಲ್ಲಿ ಅದು ಯಾವಾಗಲೂ ‘ಆ ಕಡೆ’.

ಹಾಳೆ ಹಾಗೇ ಮೇಜಿನ ಮೇಲಿದೆ.